ಲೈಟ್ ತಿರುಗುತ್ತಿದ್ದ ಗಾಡಿಯಿಂದ ಹೋದ ಬ್ಯಾಗ್: ಒಂದು ಪ್ರಕರಣ ಅಧ್ಯಯನ

ಒಂದೇ ರಾತ್ರಿ, ಒಂದೇ ಬೀದಿ, ಒಬ್ಬನೇ ಹುಡುಗ. ಕಾಲು ಗಂಟೆಯೊಳಗೆ ಎರಡು ಬ್ಯಾಗ್ ಕದ್ದ. ಒಂದು, ನಿಂತಿದ್ದ ಸ್ಕೂಟರಿನಿಂದ. ಇನ್ನೊಂದು, ರೋಗಿಯನ್ನು ಕರೆದೊಯ್ಯಲು ಬಂದಿದ್ದ ಆಂಬುಲೆನ್ಸಿನಿಂದ. ಎರಡರಲ್ಲೂ ಇದ್ದದ್ದು ಹೆಚ್ಚುಕಡಿಮೆ ಅದೇ: ಮೊಬೈಲ್, ಪರ್ಸ್, ಮನೆಯ ಬೀಗದ ಕೈ. ಎರಡಕ್ಕೂ ಒಂದೇ ಶಿಕ್ಷೆ ಸಾಕಾ, ಆಂಬುಲೆನ್ಸಿನದ್ದಕ್ಕೆ ಜಾಸ್ತಿ ಆಗಬೇಕಾ ಎಂಬ ಪ್ರಶ್ನೆ ನಮ್ಮ ಮುಂದೆ ಬಂದು ನಿಂತದ್ದು ಹೀಗೆ.

ನಾನು ಆಗ ಆ ಆಂಬುಲೆನ್ಸ್ ಕೇಂದ್ರದಲ್ಲಿ ರಾತ್ರಿ ಪಾಳಿಯ ಉಸ್ತುವಾರಿ ನೋಡುತ್ತಿದ್ದೆ. ದೂರು ಬರೆದದ್ದು ನಾನು. ಕೋರ್ಟಿಗೆ ನಮ್ಮ ಕಡೆಯ ಹೇಳಿಕೆ ಬರೆದದ್ದೂ ನಾನೇ. ಹಾಗಾಗಿ ಇದು ದೂರ ನಿಂತು ನೋಡಿ ಬರೆದದ್ದಲ್ಲ. ಊರು, ಹೆಸರು, ತಾರೀಖು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ನನ್ನ ತಪ್ಪುಗಳೂ ಅದರಲ್ಲಿವೆ.

ಆ ರಾತ್ರಿ

ಒಂಬತ್ತೂ ಮುಕ್ಕಾಲಿಗೆ ಎದೆನೋವಿನ ಕಾಲ್ ಬಂತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಗಾಡಿಯಲ್ಲಿ ಇಬ್ಬರು: ರೋಗಿಯನ್ನು ನೋಡಿಕೊಳ್ಳುವ ಟೆಕ್ನೀಷಿಯನ್ ಆಗಿದ್ದ ಒಬ್ಬರು ಹೆಂಗಸು, ಒಬ್ಬ ಡ್ರೈವರ್.

ಇಂಥ ಕಾಲ್ ಬಂದಾಗ ಡ್ರೈವರ್ ಕೆಳಗೆ ಗಾಡಿಯಲ್ಲಿ ಕೂತಿರಲು ಆಗುವುದಿಲ್ಲ. ಎದೆನೋವು ಇರುವವರನ್ನು ಮೆಟ್ಟಿಲು ಇಳಿಸಿ ನಡೆಸಬಾರದು, ಹೃದಯಕ್ಕೆ ಇನ್ನಷ್ಟು ಭಾರ ಬೀಳುತ್ತದೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಸೇರಿ ಹೊತ್ತು ತರಬೇಕು. ಎಂಜಿನ್ ಆಫ್ ಮಾಡುವುದೂ ಇಲ್ಲ. ತಿರುಗುವ ಲೈಟು, ಒಳಗಿನ ಯಂತ್ರಗಳು ಬ್ಯಾಟರಿ ತಿನ್ನುತ್ತವೆ, ಕೆಳಗೆ ಬಂದ ಕೂಡಲೇ ಹೊರಡಬೇಕು. ಕೀ ಗಾಡಿಯಲ್ಲೇ ಇರುವಾಗ ಬಾಗಿಲು ಲಾಕ್ ಮಾಡುವುದು ಕಷ್ಟ. ಹೀಗೆ ಗಾಡಿ ಬೀದಿಯಲ್ಲಿ ಲೈಟ್ ತಿರುಗಿಸುತ್ತಾ, ಮುಂದಿನ ಬಾಗಿಲಿಗೆ ಲಾಕ್ ಇಲ್ಲದೆ ನಿಂತಿತ್ತು. ಆ ದಿನದ ಮೈಮರೆವು ಅದಲ್ಲ. ವರ್ಷಗಳಿಂದ ನಾವು ನಡೆಸಿಕೊಂಡು ಬಂದದ್ದೇ ಹಾಗೆ.

ಮೇಲೆ ಅವರಿಗೆ 23 ನಿಮಿಷ ಹಿಡಿಯಿತು. ರೋಗಿಯನ್ನು ಒಳಗೆ ಮಲಗಿಸಿ, ಆಸ್ಪತ್ರೆಗೆ ಮೊದಲೇ ತಿಳಿಸೋಣ ಎಂದು ಟೆಕ್ನೀಷಿಯನ್ ಮುಂದಿನ ಸೀಟಿನ ಕಡೆ ಕೈ ಹಾಕಿದರು. ಬ್ಯಾಗ್ ಇಲ್ಲ. ಫೋನ್ ಇದ್ದದ್ದು ಅದರಲ್ಲೇ. ಅವರು ಡ್ರೈವರಿಗೆ ಹೇಳಲಿಲ್ಲ. "ಹೇಳಿದ್ರೆ ಇವನು ಇಳಿದು ಹುಡುಕ್ತಾನೆ ಸರ್, ಎರಡು ನಿಮಿಷ ಹೋಗುತ್ತೆ" ಎಂದು ಆಮೇಲೆ ನನಗೆ ವಿವರಿಸಿದರು. ವೈರ್‌ಲೆಸ್‌ನಲ್ಲಿ ಕಂಟ್ರೋಲ್ ರೂಮಿಗೆ ಹೇಳಿ, ಅಲ್ಲಿಂದ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ, ರೋಗಿಯ ಕೈ ಹಿಡಿದು ಕೂತರು. ಈ ಇಡೀ ಪ್ರಕರಣದಲ್ಲಿ ಯಾರೇ ಮಾಡಿದ ತೀರ್ಮಾನಗಳಲ್ಲಿ ಇದೇ ಅತ್ಯುತ್ತಮ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಬ್ಯಾಗಿನಲ್ಲಿ ಇನ್ನೊಂದು ವಸ್ತು ಇತ್ತು. ಔಷಧಿ ಪೆಟ್ಟಿಗೆಯ ಕೀಲಿ.

ಆಂಬುಲೆನ್ಸಿನಲ್ಲಿ ಎಲ್ಲ ಔಷಧಿಯನ್ನೂ ಕೈಗೆ ಸಿಗುವ ಹಾಗೆ ಇಡುವುದಿಲ್ಲ. ಮಾರ್ಫಿನ್‌ನಂಥ ನೋವು ನಿವಾರಕ, ಫಿಟ್ಸ್ ನಿಲ್ಲಿಸುವ ಮಿಡಜೋಲಮ್, ಇಂಥವು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು. ಕೀಲಿ ಟೆಕ್ನೀಷಿಯನ್ ಸೊಂಟದಲ್ಲಿ ಇರಬೇಕು. ಅದು ನಮ್ಮ ನಿಯಮ. ಆದರೆ ಬಗ್ಗಿ ರೋಗಿಯನ್ನು ಎತ್ತುವಾಗ ಆ ಕೀಲಿಗೊಂಚಲು ಹೊಟ್ಟೆಗೆ ಚುಚ್ಚುತ್ತದೆ. ಅದಕ್ಕೇ ಸುಮಾರು ಜನ ಅದನ್ನು ಬ್ಯಾಗಿಗೆ ಹಾಕಿಡುತ್ತಿದ್ದರು. ನನಗೆ ಅದು ಗೊತ್ತಿತ್ತು. ನಾನು ಸುಮ್ಮನಿದ್ದೆ.

ರೋಗಿಯನ್ನು ಒಪ್ಪಿಸಿ ಆದ ಮೇಲೆ ವಿಷಯ ನನಗೆ ತಿಳಿಯಿತು. ಬೆರಳಚ್ಚು ತೆಗೆಯುವ ತನಕ ಮುಂದಿನ ಭಾಗ ಮುಟ್ಟಬೇಡಿ ಎಂದು ಪೊಲೀಸರು ಹೇಳಿದರು. ಔಷಧಿ ಪೆಟ್ಟಿಗೆ ತೆರೆಯುವಂತಿಲ್ಲ, ಬದಲಿ ಕೀಲಿ ಹಗಲಿನ ಉಸ್ತುವಾರಿಯವರ ಕಪಾಟಿನಲ್ಲಿ. ನಾನು ಆ ಗಾಡಿಯನ್ನು ಸೇವೆಯಿಂದ ಹೊರಗಿಟ್ಟೆ. 3 ಗಂಟೆ 10 ನಿಮಿಷ ಅದು ಸುಮ್ನೆ ನಿಂತಿತ್ತು.

ಆ ಹೊತ್ತಿನಲ್ಲೇ ಒಂದು ಮಗುವಿಗೆ ಫಿಟ್ಸ್ ಬಂದ ಕಾಲ್ ಬಂತು. ನಮ್ಮ ಕೇಂದ್ರಕ್ಕೆ ತೀರಾ ಹತ್ತಿರದ ಮನೆ. ನಮ್ಮ ಗಾಡಿ ಹೋಗಿದ್ದರೆ ಎಂಟು ಒಂಬತ್ತು ನಿಮಿಷದ ದಾರಿ. ದೂರದ ಕೇಂದ್ರದಿಂದ ಬಂದ ಗಾಡಿ ತಲುಪಿದ್ದು 26 ನಿಮಿಷಕ್ಕೆ. ಫಿಟ್ಸ್ 5 ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ, ಔಷಧಿ ಬೇಕಾಗುತ್ತದೆ. ಆ ಔಷಧಿ ನಮ್ಮ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇತ್ತು. ಆ ಮಗುವಿನ ಪುಣ್ಯ, ಗಾಡಿ ಬರುವ ಮೊದಲೇ ಫಿಟ್ಸ್ ನಿಂತಿತ್ತು. ಮಗು ಚೆನ್ನಾಗಿದೆ. ತಡವಾದದ್ದರಿಂದ ಏನೂ ತೊಂದರೆ ಆಗಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಬರೆದುಕೊಟ್ಟರು.

ಆದರೂ ಆ 26 ನಿಮಿಷ ಆ ತಾಯಿ ಬಾಗಿಲಲ್ಲಿ ನಿಂತು ರಸ್ತೆ ನೋಡಿರಬೇಕಲ್ವಾ? ನನಗೆ ಸಿಟ್ಟು ಬಂದದ್ದು ಬ್ಯಾಗಿಗಾಗಿ ಅಲ್ಲ, ಇದಕ್ಕಾಗಿ.

ದೂರು ಬರೆದಾಗ ಮಾಡಿದ ತಪ್ಪು

ಬೆಳಗಿನ ಜಾವ ದೂರು ಬರೆಯಲು ಕೂತೆ. ಡ್ರೈವರ್ ಪಕ್ಕದಲ್ಲೇ ನಿಂತಿದ್ದ. "ಸರ್, ಕೀಲಿ ವಿಷಯ ಬರೀಬೇಡಿ. ಬರೆದ್ರೆ ಅಕ್ಕನ ಮೇಲೇ ಬರುತ್ತೆ" ಎಂದ. ಅವನ ಮಾತಿನಲ್ಲಿ ಕಾಳಜಿ ಇತ್ತು. ನಾನೂ ಒಪ್ಪಿದೆ. "ತುರ್ತು ಸೇವೆಗೆ ಬೇಕಾದ ವಸ್ತುಗಳು ಕಳವಾಗಿವೆ, ಇದರಿಂದ ಗಾಡಿ ಸೇವೆಗೆ ಸಿಗಲಿಲ್ಲ" ಎಂದಷ್ಟೇ ಬರೆದೆ.

ಸುಳ್ಳಲ್ಲ. ಆದರೆ ಓದಿದವರಿಗೆ ಅನಿಸುವುದು ಏನು? ಆ ಹುಡುಗ ಜೀವ ಉಳಿಸುವ ಉಪಕರಣವನ್ನೇ ಹೊತ್ತುಕೊಂಡು ಹೋದ ಅಂತ. ಆ ಒಂದು ಸಾಲು ಮುಂದೆ ಹೋಗುತ್ತಾ ಹೋಗುತ್ತಾ ದಪ್ಪವಾಯಿತು. ಪೊಲೀಸರ ವರದಿಯಲ್ಲಿ ಅದು "ಜೀವರಕ್ಷಕ ಸಾಮಗ್ರಿ" ಆಯಿತು. ಸರ್ಕಾರಿ ವಕೀಲರು ಕಳ್ಳತನದ ಜೊತೆಗೆ ತುರ್ತು ಸೇವೆಗೆ ಅಡ್ಡಿ ಮಾಡಿದ ಆರೋಪವನ್ನೂ ಸೇರಿಸಲು ಹೊರಟರು.

ಹುಡುಗ ಎರಡೇ ದಿನದಲ್ಲಿ ಸಿಕ್ಕ. ವಯಸ್ಸು 19. ಲೋಡಿಂಗ್ ಕೆಲಸ. ಇದಕ್ಕೆ ಮೊದಲು ಯಾವ ಕೇಸೂ ಇರಲಿಲ್ಲ. ಎರಡೂ ಮೊಬೈಲ್ ಅವನ ಹತ್ತಿರವೇ ಇದ್ದವು. ಬ್ಯಾಗುಗಳನ್ನು ಎಸೆದಿದ್ದ. ಕೀಲಿ ಎಂದಿಗೂ ಸಿಗಲಿಲ್ಲ.

ಸುದ್ದಿ ತಿಳಿದ ಮೇಲೆ ನಮ್ಮ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಇಂಥವರಿಗೆ ಸಾಮಾನ್ಯ ಕಳ್ಳರ ಶಿಕ್ಷೆ ಸಾಲದು. 41 ಜನ ಸಹಿ ಹಾಕಿ ಒಂದು ಅರ್ಜಿ ತಯಾರಿಸಿದರು: ತುರ್ತು ಸೇವೆಯವರಿಂದ ಕದ್ದರೆ ಎರಡು ಪಟ್ಟು ಶಿಕ್ಷೆ ಆಗಬೇಕು. ನನ್ನ ಸಹಿ ಅದರಲ್ಲಿ ಮೂರನೆಯದು.

ಕಾನೂನು ಓದಿದಾಗ

ಅರ್ಜಿಗೆ ಆಧಾರ ಬೇಕು ಎಂದು ನಾನು ಓದಲು ಶುರು ಮಾಡಿದೆ. ಕಷ್ಟಕಾಲದಲ್ಲಿ ಮಾಡಿದ ಕಳ್ಳತನ ಬೇರೆ ಎಂಬ ಯೋಚನೆ ಹೊಸದೇನಲ್ಲ. ಬೆಂಕಿ ಬಿದ್ದಾಗ, ಕಟ್ಟಡ ಕುಸಿದಾಗ, ಹಡಗು ಒಡೆದಾಗ ಕೊಳ್ಳೆ ಹೊಡೆದವನು ನಾಲ್ಕು ಪಟ್ಟು ಕಟ್ಟಿಕೊಡಬೇಕು ಎಂದು ಹಳೆಯ ರೋಮನ್ ಕಾನೂನಿನಲ್ಲೇ ಇತ್ತು, ಒಂದು ವರ್ಷದೊಳಗೆ ದಾವೆ ಹೂಡಿದರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತುರ್ತುಪರಿಸ್ಥಿತಿ ಘೋಷಿಸಿದ ಸಮಯದ ಕಳ್ಳತನಕ್ಕೆ ಬೇರೆಯದೇ ಕಲಮಿದೆ.

ತುರ್ತು ಸೇವೆಯವರಿಗೆ ಅಂತಲೇ ಇರುವ ಕಾನೂನು ಹುಡುಕಿದಾಗ ಸಿಕ್ಕದ್ದು ಹೆಚ್ಚಾಗಿ ಹಲ್ಲೆಯ ಬಗ್ಗೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2018ರಲ್ಲಿ ಒಂದು ಕಾನೂನು ಬಂತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯ ಮೇಲೆ ಸಣ್ಣ ಹಲ್ಲೆ ಮಾಡಿದರೂ ಗರಿಷ್ಠ ಶಿಕ್ಷೆ 6 ತಿಂಗಳ ಬದಲು 12 ತಿಂಗಳು. 2022ರಲ್ಲಿ ಅದು 2 ವರ್ಷಕ್ಕೆ ಏರಿತು. ಗಂಭೀರ ಹಲ್ಲೆ, ಲೈಂಗಿಕ ದೌರ್ಜನ್ಯದಂಥ ಅಪರಾಧ ಇವರ ಮೇಲೆ ನಡೆದರೆ ಶಿಕ್ಷೆ ಹೆಚ್ಚಿಸಬೇಕು ಎಂಬ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಕಳ್ಳತನ ಇಲ್ಲ. ಭಾರತದಲ್ಲಿ ಕೋವಿಡ್ ಸಮಯದಲ್ಲಿ, 2020ರಲ್ಲಿ, ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆಗೆ 3 ತಿಂಗಳಿಂದ 5 ವರ್ಷದ ತನಕ, ತೀವ್ರ ಗಾಯವಾದರೆ 7 ವರ್ಷದ ತನಕ ಶಿಕ್ಷೆ ಇಟ್ಟರು. ಅದೂ ಹಿಂಸೆ ಮತ್ತು ಆಸ್ತಿ ಹಾನಿಯ ಬಗ್ಗೆಯೇ.

ಕಳ್ಳತನದ ಕಾನೂನು ಬೇರೆ ದಾರಿ ಹಿಡಿಯುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ 3 ವರ್ಷದ ತನಕ ಶಿಕ್ಷೆ, 303ನೇ ಕಲಮು. ವಾಸದ ಮನೆಯಿಂದ, ಜನರನ್ನೋ ಸರಕನ್ನೋ ಸಾಗಿಸುವ ವಾಹನದಿಂದ ಕದ್ದರೆ, ಅಥವಾ ಕದ್ದದ್ದು ಸರ್ಕಾರದ ಆಸ್ತಿಯಾಗಿದ್ದರೆ 7 ವರ್ಷದ ತನಕ, 305ನೇ ಕಲಮು. ಗಮನಿಸಿ, ಇಲ್ಲಿ ಕೇಳುವುದು ಎಲ್ಲಿಂದ ಕದ್ದೆ, ಏನು ಕದ್ದೆ ಎಂದು. ಯಾರಿಂದ ಕದ್ದೆ ಎಂದಲ್ಲ. ಇಂಗ್ಲೆಂಡಿನಲ್ಲಿ ಕಳ್ಳತನದ ಶಿಕ್ಷೆ ಅಳೆಯಲು ನ್ಯಾಯಾಧೀಶರಿಗೆ ಇರುವ ಮಾರ್ಗಸೂಚಿಯೂ ವಸ್ತುವಿನ ಬೆಲೆಯ ಜೊತೆಗೆ ಬೇರೆಯವರಿಗೆ ಎಷ್ಟು ತೊಂದರೆಯಾಯಿತು, ಯಾರಿಗಾದರೂ ಗಾಯವಾಯಿತಾ, ಆಗುವ ಅಪಾಯವಿತ್ತಾ ಎಂದು ನೋಡುತ್ತದೆ.

ನಮ್ಮ ಅರ್ಜಿ ಕೇಳುತ್ತಿದ್ದದ್ದು ಇದಲ್ಲ. ನಮ್ಮ ಸಮವಸ್ತ್ರಕ್ಕೆ ಶಿಕ್ಷೆ ಕಟ್ಟಿ ಎಂದು ಕೇಳುತ್ತಿದ್ದೆವು. ಓದುವಾಗ ನನಗೆ ಇದು ಚುಚ್ಚಿತು. ಆದರೂ ಅರ್ಜಿ ಕೈಬಿಡಲಿಲ್ಲ. ಚುಚ್ಚಿದ್ದು ಮನಸ್ಸಿಗೆ ಇಳಿಯಲು ಇನ್ನೊಬ್ಬರು ಬೇಕಾಯಿತು.

ಸ್ಕೂಟರಿನ ಹೆಂಗಸು

ಕೋರ್ಟಿನ ವರಾಂಡದಲ್ಲಿ ನಾನು, ಟೆಕ್ನೀಷಿಯನ್, ಇನ್ನೂ ಐದಾರು ಸಹೋದ್ಯೋಗಿಗಳು ಕೂತಿದ್ದೆವು. ಎದುರಿನ ಬೆಂಚಿನಲ್ಲಿ ಒಬ್ಬರೇ ಒಬ್ಬರು ಹೆಂಗಸು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ನಿಮ್ಮದು ಆಂಬುಲೆನ್ಸ್ ಕೇಸಾ?"

ಸ್ಕೂಟರಿನಿಂದ ಬ್ಯಾಗ್ ಕಳೆದುಕೊಂಡವರು ಅವರು. ರಾತ್ರಿ ಹೊತ್ತು ಕಚೇರಿಗಳನ್ನು ಶುಚಿ ಮಾಡುವ ಕೆಲಸ. ಆ ಬ್ಯಾಗಿನಲ್ಲಿ ಅವರ ತಿಂಗಳ ಸಂಬಳ ಪೂರ್ತಿ ಇತ್ತು, ಅದು ಸಿಗಲಿಲ್ಲ. ಕೆಲಸಕ್ಕೆ ಕರೆ ಬರುತ್ತಿದ್ದದ್ದು ಆ ಫೋನಿಗೆ. ಫೋನ್ ಇಲ್ಲದ ಹತ್ತು ದಿನದಲ್ಲಿ ಎರಡು ಕಚೇರಿಯವರು ಬೇರೆಯವರನ್ನು ಹಾಕಿಕೊಂಡರು. ದೂರು ಕೊಡಲು ಹೋದಾಗ ಒಂದು ಚೀಟಿ ಕೊಟ್ಟು ಕಳಿಸಿದ್ದರಂತೆ. ಯಾರೂ ಹುಡುಕಲಿಲ್ಲ. ನಮ್ಮ ಬ್ಯಾಗ್ ಹುಡುಕುವಾಗ ಅವರ ಫೋನ್ ಸಿಕ್ಕಿತು, ಅಷ್ಟೇ.

"ನಿಮ್ಮದಾಗಿದ್ದಕ್ಕೆ ಸಿಕ್ಕಿದ ಸರ್" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಹೇಳಿದರು.

ನಾನು ಅಲ್ಲಿಯ ತನಕ ಶಿಕ್ಷೆ ಎಂದರೆ ಜೈಲಿನ ತಿಂಗಳು ಎಂದು ಎಣಿಸುತ್ತಿದ್ದೆ. ಅದಕ್ಕೂ ಮೊದಲೇ ಒಂದು ತಾರತಮ್ಯ ನಡೆದುಹೋಗಿತ್ತು. ನಮ್ಮ ದೂರಿಗೆ ತಂಡ ಕಟ್ಟಿಕೊಂಡು ಹುಡುಕಿದರು, ಅವರ ದೂರಿಗೆ ಚೀಟಿ. ಅದರ ಮೇಲೆ ನಾವು ಶಿಕ್ಷೆಯೂ ಎರಡು ಪಟ್ಟು ಇರಲಿ ಎಂದು ಸಹಿ ಹಾಕಿಕೊಂಡು ಬಂದಿದ್ದೆವು. ಕದ್ದವನಿಂದ ಜಾಸ್ತಿ ಪೆಟ್ಟು ತಿಂದವರು ಯಾರು ಎಂದು ಕೇಳಿದರೆ, ನಮ್ಮ ಟೆಕ್ನೀಷಿಯನ್ ಅಲ್ಲ. ಅವರಿಗೆ ಬೇಗನೇ ಫೋನ್ ವಾಪಸ್ ಬಂತು, ಸಂಬಳ ನಿಲ್ಲಲಿಲ್ಲ. ಈ ಹೆಂಗಸಿನ ಎರಡು ಕೆಲಸ ಹೋಗಿತ್ತು.

ಅವತ್ತೇ ನಾನು ಸರ್ಕಾರಿ ವಕೀಲರ ಹತ್ತಿರ ಹೋಗಿ ಕೀಲಿ ವಿಷಯ ಹೇಳಿದೆ. ಅದು ಬ್ಯಾಗಿನಲ್ಲಿ ಇರಬಾರದಿತ್ತು, ಇರುತ್ತಿತ್ತು ಎಂದು ನನಗೆ ಗೊತ್ತಿತ್ತು, ದೂರಿನಲ್ಲಿ ಮುಚ್ಚಿಟ್ಟೆ ಎಂದು ಲಿಖಿತವಾಗಿ ಕೊಟ್ಟೆ. ಹೋಗುವ ಮೊದಲು ಟೆಕ್ನೀಷಿಯನ್ ಅವರನ್ನು ಕೇಳಿದೆ. "ಬರೆಯಿರಿ ಸರ್. ನಾನು ಮಾಡಿದ್ದು ನಾನು ಹೇಳದೇ ಅವನಿಗೆ ಜೈಲು ಜಾಸ್ತಿ ಆಗೋದು ಬೇಡ" ಎಂದರು. ಅವರಿಗೆ ಎಚ್ಚರಿಕೆ ಪತ್ರ ಬಂತು. ನನಗೂ ಬಂತು. ಬರಬೇಕಾದದ್ದೇ.

ಹುಡುಗನ ವಕೀಲರ ಪ್ರಶ್ನೆ

ಹುಡುಗ ತಪ್ಪು ಒಪ್ಪಿಕೊಂಡ. ಉಳಿದದ್ದು ಶಿಕ್ಷೆ ಎಷ್ಟು ಎಂಬ ವಾದ. ಅವನ ವಕೀಲರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಸಿಬ್ಬಂದಿ ಊಟಕ್ಕೆ ಕೂತಾಗ ಅದೇ ಬ್ಯಾಗ್ ಕದ್ದಿದ್ದರೆ ಇದೇ ಶಿಕ್ಷೆ ಕೇಳುತ್ತಿದ್ದಿರಾ?

ನಾನು ಇಲ್ಲ ಎಂದೆ. ಹೇಳುವಾಗಲೇ ನನಗೆ ಉತ್ತರ ಹೊಳೆಯಿತು. ಅರ್ಜಿಯಲ್ಲಿ ನಾವು ಬರೆದದ್ದು ಒಂದು, ನಮ್ಮ ಮನಸ್ಸಿನಲ್ಲಿ ನೋವಾಗಿದ್ದದ್ದು ಇನ್ನೊಂದು. ನಮಗೆ ನೋವಾದದ್ದು ಅವನು ಆಂಬುಲೆನ್ಸಿನವರಿಂದ ಕದ್ದ ಎಂದಲ್ಲ. ಅವರು ಮೇಲೆ ಒಬ್ಬರ ಎದೆ ಹಿಡಿದು ಕೂತಿರುವಾಗ, ಅದಕ್ಕಾಗಿಯೇ ಬಾಗಿಲು ತೆರೆದಿಟ್ಟು ಹೋಗಿರುವಾಗ ಕದ್ದ ಎಂದು. ಬೇರೆಯವರು ತಮ್ಮ ವಸ್ತುವನ್ನು ಕಾಯಬಹುದು. ಕಾಲ್ ಮೇಲಿರುವವರು ಕಾಯುವ ಹಾಗಿಲ್ಲ. ಕಾಯಲು ನಿಂತರೆ ಮೇಲೆ ಇರುವವರು ಸಾಯಬಹುದು. ಈ ಸ್ಥಿತಿಯನ್ನು ಕಂಡೂ ಕೈ ಹಾಕಿದ್ದು ದೊಡ್ಡ ತಪ್ಪು.

ವಕೀಲರು ಅಲ್ಲಿಗೆ ಬಿಡಲಿಲ್ಲ. ನಿಮ್ಮವರೇ ಪ್ರಜ್ಞೆ ತಪ್ಪಿದ ರೋಗಿಯ ಜೇಬಿನಿಂದ ತೆಗೆದರೆ? ಕೋಣೆ ಒಂದು ಕ್ಷಣ ಸುಮ್ಮನಾಯಿತು. ಈ ಪ್ರಶ್ನೆಗೂ ವಯಸ್ಸಾಗಿದೆ. ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನು ಸುಮಾರು ಕ್ರಿ.ಪೂ. 1750ರದ್ದು. ಅದರ 25ನೇ ಕಲಮು ಹೇಳುವುದು ಇದನ್ನೇ: ಉರಿಯುವ ಮನೆಯ ಬೆಂಕಿ ಆರಿಸಲು ಬಂದವನು ಆ ಮನೆಯ ವಸ್ತು ಕದ್ದರೆ, ಅವನನ್ನು ಅದೇ ಬೆಂಕಿಗೆ ಎಸೆಯಬೇಕು. ಕ್ರೂರ ಶಿಕ್ಷೆ. ಆದರೆ ಅದರ ಹಿಂದಿನ ಯೋಚನೆ ನಮಗೆ ಅರ್ಥವಾಗುತ್ತದೆ. ಕಾಯಲು ಆಗದವರಿಂದ ಕದ್ದರೆ ತಪ್ಪು ದೊಡ್ಡದು. ಅದು ನಮಗೆ ಕವಚವಾಗುವುದಾದರೆ ನಮ್ಮ ಮೇಲೆಯೂ ಬೀಳಬೇಕು. ನಾನು ಕೋರ್ಟಿನಲ್ಲಿ ಹೌದು, ಆಗ ಇನ್ನೂ ಜಾಸ್ತಿ ಶಿಕ್ಷೆ ಆಗಬೇಕು ಎಂದೆ. ಹಿಂದಿನ ಸಾಲಿನಲ್ಲಿದ್ದ ನಮ್ಮವರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ.

ಮುಖಾಮುಖಿ

ಶಿಕ್ಷೆ ಹೇಳುವ ಮೊದಲು, ಬಯಸಿದರೆ ಎರಡೂ ಕಡೆಯವರು ಕೂತು ಮಾತಾಡಬಹುದು ಎಂದು ನ್ಯಾಯಾಧೀಶರು ಅವಕಾಶ ಕೊಟ್ಟರು. ನಮ್ಮ ಟೆಕ್ನೀಷಿಯನ್ ಹೋಗುತ್ತೇನೆ ಎಂದರು. ಸ್ಕೂಟರಿನ ಹೆಂಗಸು ಬರಲಿಲ್ಲ, ಆ ದಿನ ಅವರಿಗೆ ಕೆಲಸ ಇತ್ತು. ಒಂದು ದಿನದ ಕೂಲಿ ಬಿಟ್ಟು ಬರುವ ಶಕ್ತಿ ಅವರಿಗಿರಲಿಲ್ಲ. ಅವರ ಅನುಕೂಲಕ್ಕೆ ದಿನ ಬದಲಿಸಿ ಎಂದು ನಾವಾದರೂ ಕೇಳಬಹುದಿತ್ತು. ಕೇಳಲಿಲ್ಲ.

"ಲೈಟ್ ತಿರುಗ್ತಾ ಇದ್ದದ್ದು ನೋಡಿದ್ಯಾ?" ಎಂದು ಟೆಕ್ನೀಷಿಯನ್ ಕೇಳಿದರು.

"ನೋಡಿದೆ ಅಕ್ಕ."

"ಮತ್ತೆ?"

"ಯಾರೂ ಇರಲ್ಲ ಅಂತ ಗೊತ್ತಾಯ್ತು."

ಇಷ್ಟೇ. ಶಿಕ್ಷೆಯ ಲೆಕ್ಕವನ್ನು ತೀರ್ಮಾನಿಸಿದ್ದು ಈ ಉತ್ತರ. ಆ ಲೈಟು "ದಾರಿ ಬಿಡಿ, ಒಳಗೆ ಯಾರದೋ ಜೀವ ಇದೆ" ಎಂದು ಎಲ್ಲರಿಗೂ ಹೇಳುತ್ತದೆ. ಇವನಿಗೆ ಅದು "ಕಾವಲಿಲ್ಲ" ಎಂದು ಹೇಳಿತು. ಗೊತ್ತಿಲ್ಲದೆ ಕದ್ದ ಎನ್ನಲು ಬರುವುದಿಲ್ಲ.

ಕೀಲಿಯ ಬಗ್ಗೆಯೂ ಕೇಳಿದರು. ಬ್ಯಾಗಿನಲ್ಲಿ ಕೀಲಿ ಇದ್ದದ್ದು ಅವನಿಗೆ ಗೊತ್ತಾದದ್ದು ಬಿಸಾಡುವಾಗ, ಅದೂ ಮನೆಯ ಬೀಗದ ಕೈ ಎಂದುಕೊಂಡಿದ್ದ. ಮಗುವಿನ ವಿಷಯ ಹೇಳಿದಾಗ ಹುಡುಗ ತಲೆ ತಗ್ಗಿಸಿದ, ಆಮೇಲೆ ಎತ್ತಲೇ ಇಲ್ಲ.

ಆಮೇಲೆ ಟೆಕ್ನೀಷಿಯನ್ ಹೇಳಿದ ಒಂದು ಮಾತು ನನಗೂ ಅಲ್ಲಿಯ ತನಕ ಗೊತ್ತಿರಲಿಲ್ಲ. ಆ ರಾತ್ರಿಯ ನಂತರ ಯಾವ ಕಾಲ್‌ಗೆ ಹೋದರೂ ಅವರ ಅರ್ಧ ಮನಸ್ಸು ಕೆಳಗೆ ಗಾಡಿಯಲ್ಲಿ ಇರುತ್ತಿತ್ತಂತೆ. ಮೆಟ್ಟಿಲು ಹತ್ತುವಾಗ ಕಿಟಕಿ ಸಿಕ್ಕರೆ ನಿಂತು ನೋಡುತ್ತಿದ್ದರು. ಒಮ್ಮೆ ಹೃದಯ ನಿಂತ ರೋಗಿಯ ಎದೆ ಒತ್ತುತ್ತಿರುವಾಗ ಕೆಳಗೆ ಬಾಗಿಲ ಸದ್ದು ಕೇಳಿ ಎಣಿಕೆ ತಪ್ಪಿತು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕಾದ ಕೆಲಸ ಅದು. ಎದೆ ಒತ್ತದೆ, ಷಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಎನ್ನುತ್ತಾರೆ. ಅಲ್ಲಿ ಮನಸ್ಸು ಎರಡು ಕಡೆ ಇರಬಾರದು.

ನನ್ನ ಹೇಳಿಕೆಯಲ್ಲಿ ನಾನು ಬರೆಯಬೇಕಾಗಿದ್ದದ್ದು ಇದನ್ನು. ಫೋನಿನ ಬೆಲೆ ಬರೆದಿದ್ದೆ, ಗಾಡಿ ನಿಂತ ಗಂಟೆ ಬರೆದಿದ್ದೆ. ಒಬ್ಬ ಒಳ್ಳೆಯ ಕೆಲಸಗಾರ್ತಿಯ ಗಮನ ಒಡೆದುಹೋದದ್ದನ್ನು ಬರೆದಿರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ತೀರ್ಪು

ನ್ಯಾಯಾಧೀಶರು ಸೇವೆಗೆ ಅಡ್ಡಿ ಮಾಡಿದ ಆರೋಪ ಕೈಬಿಟ್ಟರು. ಗಾಡಿ ನಿಂತದ್ದು ಕೀಲಿಯಿಂದ, ಕೀಲಿ ಅಲ್ಲಿದ್ದದ್ದು ನಮ್ಮಿಂದ, ಹುಡುಗ ಅದನ್ನು ಊಹಿಸಲೂ ಆಗದು ಎಂದರು. ಸಮವಸ್ತ್ರ ಹಾಕಿದವರ ಪರ್ಸಿಗೆ ಬೇರೆ ಬೆಲೆ ಇಲ್ಲ ಎಂದೂ ಹೇಳಿದರು. ಆದರೆ ಲೈಟ್ ನೋಡಿ, ಯಾರೂ ಇರುವುದಿಲ್ಲ ಎಂದು ತಿಳಿದೇ ಕದ್ದದ್ದನ್ನು ತಪ್ಪಿನ ಭಾರ ಹೆಚ್ಚಿಸುವ ಅಂಶ ಎಂದು ದಾಖಲಿಸಿದರು.

ಸ್ಕೂಟರಿನ ಕಳ್ಳತನಕ್ಕೆ 3 ತಿಂಗಳು. ಆಂಬುಲೆನ್ಸಿನದ್ದಕ್ಕೆ 4 ತಿಂಗಳು. ಎರಡೂ ಒಟ್ಟಿಗೇ ಸಾಗುವಂತೆ. ಅಷ್ಟರಲ್ಲಾಗಲೇ ಅವನು 7 ವಾರ ಒಳಗೆ ಕಳೆದಿದ್ದ. ಉಳಿದದ್ದನ್ನು ಷರತ್ತಿನ ಮೇಲೆ ಅಮಾನತಿನಲ್ಲಿಟ್ಟರು: ಕೆಲಸಕ್ಕೆ ಹೋಗಬೇಕು, ತಿಂಗಳಿಗೊಮ್ಮೆ ಹಾಜರಿ ಹಾಕಬೇಕು, ನಷ್ಟ ಕಟ್ಟಿಕೊಡಬೇಕು. ನಷ್ಟದ ಹಣ ಮೊದಲು ಸ್ಕೂಟರಿನ ಹೆಂಗಸಿಗೆ, ಅದು ತೀರಿದ ಮೇಲೆ ನಮಗೆ.

ನಮ್ಮಲ್ಲಿ ಬಹಳ ಜನಕ್ಕೆ ಇದು ಅವಮಾನ ಅನಿಸಿತು. ಬರೀ ಒಂದು ತಿಂಗಳ ವ್ಯತ್ಯಾಸವಾ? ನನಗೆ ಮಾತ್ರ ಆ ಒಂದು ತಿಂಗಳು ಸರಿಯಾದ ಜಾಗದಲ್ಲಿ ಬಿದ್ದಿದೆ ಅನಿಸಿತು, ಈಗಲೂ ಅನಿಸುತ್ತದೆ. ಶಿಕ್ಷೆ ಜಾಸ್ತಿ ಆಗಬೇಕು ಎಂಬುದನ್ನು ನಾನು ಬಿಟ್ಟಿಲ್ಲ. ಯಾವುದಕ್ಕೆ ಜಾಸ್ತಿ ಎಂಬುದು ಬದಲಾಗಿದೆ. ಸಾರ್ವಜನಿಕ ಜಾಗದಲ್ಲಿ ಗೋಡೆಗೆ ನೇತುಹಾಕಿದ, ನಿಂತ ಹೃದಯಕ್ಕೆ ಷಾಕ್ ಕೊಡುವ ಯಂತ್ರವನ್ನು ಕದ್ದರೆ ಅಲ್ಲಿ ಯಾವ ಸಿಬ್ಬಂದಿಯೂ ಇರುವುದಿಲ್ಲ. ಆದರೂ ಅದು ನಮ್ಮ ಟೆಕ್ನೀಷಿಯನ್ ಪರ್ಸ್ ಕದಿಯುವುದಕ್ಕಿಂತ ಎಷ್ಟೋ ದೊಡ್ಡ ತಪ್ಪು. ಕಾಲ್ ಮೇಲಿದ್ದಾಗ ಕದಿಯುವುದು, ವಿಶ್ರಾಂತಿ ಕೋಣೆಯಲ್ಲಿ ಕದಿಯುವುದು, ಇವೆರಡೂ ಒಂದಲ್ಲ. ನಾವು ಕಾಪಾಡಬೇಕಾದದ್ದು ಕಾಯುತ್ತಿರುವ ರೋಗಿಯನ್ನು. ನಮ್ಮ ಮೇಲಿನ ರಕ್ಷಣೆ ಅವರಿಗಾಗಿ ಇರುವುದು.

ಎರಡು ಪಟ್ಟು, ಮೂರು ಪಟ್ಟು ಎಂದು ಏರಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮನೆಯೊಳಗಿನಿಂದ 40 ಶಿಲ್ಲಿಂಗ್ ಬೆಲೆಯದ್ದು ಕದ್ದರೆ ಗಲ್ಲು. ಜ್ಯೂರಿಯವರು, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೂರಿಸಿದ ಜನ, ಏನು ಮಾಡುತ್ತಿದ್ದರು ಗೊತ್ತಾ? ಬೇಕೆಂದೇ 39 ಶಿಲ್ಲಿಂಗ್ ಎಂದು ಬರೆಯುತ್ತಿದ್ದರು. ಜೇಬುಗಳ್ಳತನಕ್ಕೆ ಇದ್ದ ಗಲ್ಲುಶಿಕ್ಷೆಯನ್ನು 1808ರಲ್ಲಿ ಅಲ್ಲಿನ ಸಂಸದ ಸ್ಯಾಮ್ಯುಯೆಲ್ ರೊಮಿಲಿ ತೆಗೆಸಿದ ಮೇಲೆ ದೂರು ಕೊಡುವವರು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ಶಿಕ್ಷೆ ಅತಿಯಾದರೆ ಕಳೆದುಕೊಂಡವರೇ ಹಿಂಜರಿಯುತ್ತಾರೆ. ನಮ್ಮ ಟೆಕ್ನೀಷಿಯನ್ ಕೀಲಿ ವಿಷಯ ಬರೆಯಿರಿ ಎಂದದ್ದೂ ಇದೇ ಹಿಂಜರಿಕೆಯಿಂದ ಅಲ್ವಾ?

ಆಮೇಲೆ

ತೀರ್ಪಿಗಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಚಿಕ್ಕ ಸಾಧನ. ಎಂಜಿನ್ ಓಡುತ್ತಿರುವಾಗಲೇ ಕೀ ಹೊರತೆಗೆದು ಬಾಗಿಲು ಲಾಕ್ ಮಾಡಬಹುದು, ಲೈಟು ಯಂತ್ರ ಎಲ್ಲ ನಡೆಯುತ್ತಲೇ ಇರುತ್ತವೆ. ಇಂಥದ್ದು ಬಹಳ ಕಡೆ ತುರ್ತು ವಾಹನಗಳಲ್ಲಿ ಮೊದಲಿಂದ ಇದೆ. ನಾವು ಹಾಕಿಸಿರಲಿಲ್ಲ. ಈಗ ಎಲ್ಲ ಗಾಡಿಗೂ ಹಾಕಿಸಿದ್ದೇವೆ. ಔಷಧಿ ಪೆಟ್ಟಿಗೆಯ ಕೀಲಿಗೆ ಬೆನ್ನ ಕಡೆ ಸಿಕ್ಕಿಸುವ ಚಪ್ಪಟೆ ಚೀಲ ಹೊಲಿಸಿದೆವು, ಈಗ ಹೊಟ್ಟೆಗೆ ಚುಚ್ಚುವುದಿಲ್ಲ. ಬದಲಿ ಕೀಲಿ ರಾತ್ರಿ ಪಾಳಿಯ ಹತ್ತಿರವೂ ಇದೆ. ನಂತರದ ವರ್ಷದಲ್ಲಿ ಒಂದು ಸಲ ಯಾರೋ ಬಾಗಿಲ ಹಿಡಿ ಎಳೆದು ನೋಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ತೆರೆಯಲಿಲ್ಲ, ಹೋದರು.

ಸ್ಕೂಟರಿನ ಹೆಂಗಸಿಗೆ ಹಣ ಕಂತಿನಲ್ಲಿ ಬಂತು, ಕೊನೆಯ ಎರಡು ಕಂತು ತಡವಾಗಿ. ಹೋದ ಎರಡು ಕೆಲಸದಲ್ಲಿ ಒಂದು ಮಾತ್ರ ವಾಪಸ್ ಸಿಕ್ಕಿತು.

41 ಸಹಿಯ ಅರ್ಜಿಯನ್ನು ನಾವು ಕಳಿಸಲಿಲ್ಲ. ನಾನು ಅದನ್ನು ತಿದ್ದಿ ಬರೆದೆ. ಕರ್ತವ್ಯದ ನಡುವೆ ಇರುವಾಗ, ಅದು ಗೊತ್ತಿದ್ದೂ, ಅವರಿಂದಾಗಲಿ ಅವರ ವಾಹನದಿಂದಾಗಲಿ ಕದ್ದರೆ ಶಿಕ್ಷೆ ಹೆಚ್ಚಿರಲಿ. ಸಿಬ್ಬಂದಿಯೇ ರೋಗಿಯಿಂದ ಕದ್ದರೆ ಅದಕ್ಕಿಂತ ಹೆಚ್ಚಿರಲಿ ಎಂದು. ಎರಡನೆಯ ಭಾಗ ತೆಗೆದರೆ ಸಹಿ ಹಾಕುತ್ತೇವೆ ಎಂದು ಅರ್ಧ ಜನ ಕೂತಿದ್ದಾರೆ. ಡ್ರೈವರ್ ಕೂಡ. ನಾನು ತೆಗೆಯುವುದಿಲ್ಲ. ಸದ್ಯಕ್ಕೆ ಅದರಲ್ಲಿ 19 ಸಹಿ ಇವೆ, ಮೊದಲನೆಯದು ಟೆಕ್ನೀಷಿಯನ್ ಅವರದ್ದು.